ಲ್ಯಾಪ್‌ಟಾಪಿನ ಮೂಲೆಯ ಗಡಿಯಾರ

ಆ ಲ್ಯಾಪ್‌ಟಾಪು ನನ್ನದು ಎಂದು ಮನೆಯಲ್ಲಿ ಮೂವರೂ ಒಪ್ಪಿಕೊಂಡಿದ್ದೆವು. ನನ್ನ ಗಂಡ ಒಪ್ಪಿಕೊಂಡದ್ದು, ಅವರ ಆಫೀಸಿನ ಯಂತ್ರ ದಿನಾ ಅವರ ಜೊತೆಗೇ ಸೇತುವೆ ದಾಟಿ ಮಿಲ್ಪಿಟಾಸಿಗೆ ಹೋಗಿಬಿಡುತ್ತಿದ್ದುದರಿಂದ. ಮಾವ ಒಪ್ಪಿಕೊಂಡದ್ದು ಒಂದು ಷರತ್ತಿನ ಮೇಲೆ: ಬೆಳಗಿನ ಹೊತ್ತು ಕನ್ನಡ ಪೇಪರು ಓದುವುದಕ್ಕೆ ಅದನ್ನು ತಮಗೆ ಬಿಟ್ಟುಕೊಡಬೇಕು. ನನಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅದು ನನ್ನದೇ.

ಹಾಗೆ ಹಟ ಹಿಡಿಯಲು ಕಾರಣವಿತ್ತು. ನನ್ನ ವೀಸಾದ ಮೇಲೆ ನನ್ನನ್ನು ಡಿಪೆಂಡೆಂಟ್ ಎಂದು ಬರೆದಿದ್ದರು. ಮೈಸೂರಿನ ಕಾಲೇಜೊಂದರಲ್ಲಿ ಹುಡುಗರಿಗೆ ಕೆಮಿಸ್ಟ್ರಿ ಹೇಳಿಕೊಟ್ಟು, ಲ್ಯಾಬಿನಲ್ಲಿ ಆ್ಯಸಿಡ್ ಚೆಲ್ಲಿದವರನ್ನು ಬೈದು, ಸ್ವಂತ ಸಂಬಳದ ಸೀರೆ ಉಟ್ಟು ಓಡಾಡಿಕೊಂಡಿದ್ದವಳು ನಾನು. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ನನ್ನ ಕೆಲಸ ಬಾಲ್ಕನಿಯಲ್ಲಿ ನಿಂತು ಕೆಳಗಿನ ಲಗೂನಿನ ನೀರಲ್ಲಿ ಈಜುವ ಬಾತುಗಳನ್ನು ನೋಡುವುದು. ಬ್ಯಾಂಕಿಗೆ ಹೋಗಲು ಗಂಡ ಬೇಕು, ಲೈಬ್ರರಿ ಕಾರ್ಡಿಗೆ ಗಂಡನ ವಿಳಾಸ ಬೇಕು. ಸುತ್ತಮುತ್ತ ಎಲ್ಲರೂ ಹೊಸ ಹೊಸ ಡಾಟ್‌ಕಾಮುಗಳಿಗೆ ಸೇರುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಸೇರುತ್ತಿದ್ದರು. ನಾನು ಹುಳಿ ಕುದಿಸುತ್ತಿದ್ದೆ.

ಡಿಪೆಂಡೆಂಟ್ ಕೆಲಸ ಮಾಡುವಂತಿರಲಿಲ್ಲ, ಆದರೆ ಓದಬಹುದಿತ್ತು. ನಮ್ಮ ಮನೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಬಯೋಟೆಕ್ ಲ್ಯಾಬ್ ಕೆಲಸ ಕಲಿಸುವ ಒಂದು ಸಂಜೆ ಕೋರ್ಸಿತ್ತು. ನಾನು ಅರ್ಜಿ ಹಾಕುವ ಹೊತ್ತಿಗೆ ಸೀಟು ತುಂಬಿ, ನನ್ನ ಹೆಸರು ವೆಯ್ಟ್‌ಲಿಸ್ಟಿಗೆ ಹೋಯಿತು. ಯಾರಾದರೂ ಬಿಟ್ಟರೆ ಇಮೇಲಿನಲ್ಲಿ ತಿಳಿಸುತ್ತೇವೆ, ಹೇಳಿದ ಹೊತ್ತಿನೊಳಗೆ ಉತ್ತರ ಕೊಡದಿದ್ದರೆ ಸೀಟು ಮುಂದಿನವರಿಗೆ, ದಯವಿಟ್ಟು ಫೋನ್ ಮಾಡಬೇಡಿ ಎಂದರು. ಅಂದರೆ ಆ ಆಗಸ್ಟ್ ತಿಂಗಳಲ್ಲಿ ನನ್ನ ಮುಂದಿನ ಬದುಕು ಒಂದು ಇಮೇಲಿನ ಮೇಲೆ ನಿಂತಿತ್ತು. ಅದಕ್ಕೇ ಲ್ಯಾಪ್‌ಟಾಪು, ಅದಕ್ಕೇ ಮನೆಗೆ ಡಿಎಸ್‌ಎಲ್ ಇಂಟರ್ನೆಟ್ ಸಂಪರ್ಕ.

ಇನ್ನು ಮಾವ. ಗದಗದ ಕಡೆ ಸಣ್ಣದೊಂದು ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಹುಬ್ಬಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದರು. ಅವರ ಕೈಗಡಿಯಾರ ಬಂದ ದಿನದಿಂದಲೂ ಭಾರತದ ಟೈಮಿನಲ್ಲೇ ಇತ್ತು. ಬದಲಾಯಿಸಿ ಎಂದು ಮಗ ಹೇಳಿದರೆ, "ಗೌಹಾತಿಯಿಂದ ದ್ವಾರಕಾದ ತನಕ ಒಂದ ಟೈಮ್ ಇಟ್ಟು ಗಾಡಿ ಓಡಿಸೇವಿ. ನಿಮ್ಮ ದೇಶದಾಗ ಊರಿಗೊಂದು ಟೈಮ್ ಅಂದ್ರ ಡ್ರೈವರ್ ಯಾವುದನ್ನ ನೋಡಬೇಕು?" ಎಂದು ಕೇಳುತ್ತಿದ್ದರು. ಬೆಳಿಗ್ಗೆ ಕಾಫಿ ಕುಡಿಯುತ್ತ ವಾಚು ನೋಡಿ, "ಈಗ ರಾತ್ರಿ ಪ್ಯಾಸೆಂಜರ್ ಬರೂ ಹೊತ್ತು" ಎನ್ನುತ್ತಿದ್ದರು. ಹೊರಗೆ ಬಾಲ್ಕನಿಯಲ್ಲಿ ಬಿಸಿಲು ಏರುತ್ತಿರುತ್ತಿತ್ತು.

ಹೊಸ ಯಂತ್ರ ಬಂದ ಸಂಜೆ ಇವರು ಅಪ್ಪನಿಗೆ ಮೌಸು ಹಿಡಿಯಲು ಕಲಿಸಿದರು. ಎರಡು ಸಲ ಟಕಟಕ ಒತ್ತುವುದು ಅವರಿಗೆ ಕೂಡಿಬರಲಿಲ್ಲ. ತಂತಿ ಯಂತ್ರವನ್ನು ಆಡಿಸಿದ ಬೆರಳು ಇಲ್ಲಿ ಯಾಕೋ ತಡವರಿಸುತ್ತಿತ್ತು. ಎಲ್ಲಾದರೂ ಒತ್ತಿ ಅಭ್ಯಾಸ ಮಾಡಿ, ಏನೂ ಕೆಡುವುದಿಲ್ಲ ಎಂದು ಇವರು ಪರದೆಯ ಕೆಳಮೂಲೆ ತೋರಿಸಿದರು. ಒತ್ತಿ ಒತ್ತಿ ಅರ್ಧ ಗಂಟೆಯಲ್ಲಿ ಕಲಿತರು. ಕನ್ನಡ ಪೇಪರಿನ ತಾಣ ಓದಲು ಅದರದೇ ಅಕ್ಷರಗಳನ್ನು, ಅಂದರೆ ಫಾಂಟನ್ನು, ಮೊದಲು ಇಳಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಪರದೆಯ ತುಂಬ ಇರುವೆ ಸಾಲು. ಅದನ್ನೂ ಇಳಿಸಿಕೊಟ್ಟರು. ಮಾರನೆಯ ಬೆಳಿಗ್ಗೆ ಮಾವ ತಲೆಬರಹದಿಂದ ಹಿಡಿದು ಟೆಂಡರ್ ನೋಟೀಸಿನವರೆಗೆ ಓದಿ ಎದ್ದರು. ಆಮೇಲೆ ನನ್ನ ಸರದಿ.

ಮೇಲ್ ತಾಣ ಬಂತು. ಹೆಸರು, ಪಾಸ್‌ವರ್ಡು ಹಾಕಿ ಒತ್ತಿದೆ. ಪುಟ ಒಮ್ಮೆ ಮಿಟುಕಿ, ಮತ್ತೆ ಹೆಸರು ಕೇಳಿತು. ಹಾಕಿದೆ. ಮತ್ತೆ ಕೇಳಿತು. ತಪ್ಪು ಎಂದೂ ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ. ಬಾಗಿಲು ತೆರೆದು, ಮುಖ ನೋಡಿ, ನೀನು ಯಾರು ಎಂದು ಕೇಳಿ, ಹೇಳಿದ ತಕ್ಷಣ ಬಾಗಿಲು ಹಾಕಿಕೊಳ್ಳುವ ಮನೆಯವರ ಹಾಗಿತ್ತು ಅದರ ವರ್ತನೆ. ಕಾಲೇಜಿನ ತಾಣವೂ ಹಾಗೇ. ಬ್ಯಾಂಕಿನದೂ ಹಾಗೇ. ಆದರೆ ಹವಾಮಾನದ ಪುಟ ಬರುತ್ತಿತ್ತು, ಅಡುಗೆ ಪುಟ ಬರುತ್ತಿತ್ತು, ಮಾವನ ಪೇಪರು ಹೂವೆತ್ತಿದ ಹಾಗೆ ಬರುತ್ತಿತ್ತು.

ನನ್ನ ಗಂಡ ರೂಟರ್ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಲೋಕದ ಇಂಟರ್ನೆಟ್ಟಿಗೆಲ್ಲ ದಾರಿ ತೋರಿಸುವ ಪೆಟ್ಟಿಗೆಗಳನ್ನು ತಯಾರಿಸುವವರು. ಹಾಗಾಗಿ ಇದು ಹತ್ತು ನಿಮಿಷದ ಕೆಲಸ ಎಂದುಕೊಂಡರು. ಮೋಡೆಮ್ ಆರಿಸಿ ಹಚ್ಚಿದರು. ಕೇಬಲ್ ಬದಲಾಯಿಸಿದರು. ಪ್ಯಾಕೆಟ್ಟಿನ ಸೈಜು ಎಂದರು, ಡಿಎನ್‌ಎಸ್ ಎಂದರು. ಡಿಎಸ್‌ಎಲ್ ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಮೋಡೆಮನ್ನು ಆರಿಸಿ ಹಚ್ಚಲು ಹೇಳಿದಳು. ಇವರು ತಾವು ಯಾರು, ಏನು ಓದಿದ್ದೇವೆ ಎಂದೆಲ್ಲ ಹೇಳಿದರು. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ಈಗ ಆರಿಸಿ ಹಚ್ಚಿ ಎಂದಳು.

"ಒಂದೊಂದಾಗಿ ಬದಲಾಯಿಸಿ ನೋಡಿ" ಎಂದೆ ನಾನು. "ಐದನ್ನು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಇದು ನಿನ್ನ ಲ್ಯಾಬಿನ ಟೈಟ್ರೇಶನ್ ಅಲ್ಲ" ಎಂದರು.

ನನಗೆ ಸಿಟ್ಟು ಬಂತು. ಆದರೂ ನನ್ನ ಪಾಡಿಗೆ ನಾನು ಒಂದು ವಿಷಯ ಗಮನಿಸಿದೆ. ನೀನು ಯಾರು ಎಂದು ಕೇಳದ ತಾಣಗಳೆಲ್ಲ ತೆರೆಯುತ್ತಿದ್ದವು. ಕೇಳುವ ತಾಣಗಳು ಮಾತ್ರ ತೆರೆಯುತ್ತಿರಲಿಲ್ಲ. ಇದನ್ನು ಹೇಳಿದರೆ ಇವರು ಹ್ಞೂಂ ಎಂದು ಕೇಬಲ್ಲಿನ ಇನ್ನೊಂದು ತುದಿ ಕಿತ್ತರು.

ಅಲ್ಲಿಯವರೆಗೆ ಮೇಲ್ ನೋಡುವುದಕ್ಕೆ ನನಗೆ ಎರಡು ದಾರಿ. ಒಂದು, ಬಸ್ಸು ಹಿಡಿದು ಲೈಬ್ರರಿಗೆ ಹೋಗಿ, ಹೆಸರು ಬರೆಸಿ, ಸರದಿ ಕಾಯುವುದು. ಇನ್ನೊಂದು, ನನ್ನ ಪಾಸ್‌ವರ್ಡನ್ನು ಗಂಡನಿಗೆ ಕೊಟ್ಟು ಆಫೀಸಿನಿಂದ ನೋಡಿ ಎನ್ನುವುದು. ಒಮ್ಮೆ ಕೊಟ್ಟೆ. ಸಂಜೆ ಬಂದ ಮೇಲೆ ಕೇಳಿದರೆ, "ಅಯ್ಯೋ, ಮೀಟಿಂಗಿಂದ ಮೀಟಿಂಗಿಗೆ ಹೋಗಿ ಮರೆತೇಬಿಟ್ಟೆ ಕಣೇ" ಎಂದರು. ಆವತ್ತೇ ಪಾಸ್‌ವರ್ಡ್ ಬದಲಾಯಿಸಬೇಕು ಎನಿಸಿತು. ಬದಲಾಯಿಸೋಣವೆಂದರೆ ತಾಣ ಒಳಗೆ ಬಿಡಬೇಕಲ್ಲ.

ಕೊನೆಗೊಂದು ಬುಧವಾರ ಸಂಜೆ ಇವರು ಸಿಡಿ ಹಾಕಿ ಯಂತ್ರವನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಿದರು. ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಹೋದರು. ಆಮೇಲೆ ನಾನು ಕೂತು ಪಾಸ್‌ವರ್ಡ್ ಹಾಕಿದೆ. ಮೇಲ್ ತೆರೆಯಿತು! ಕಾಲೇಜಿನದೇನೂ ಬಂದಿರಲಿಲ್ಲ, ಆದರೆ ತೆರೆಯಿತಲ್ಲ. ಆವತ್ತು ಪಾಯಸ ಮಾಡಿದೆ.

ಗುರುವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಇವರು ಅಪ್ಪನ ಪೇಪರಿನ ಫಾಂಟನ್ನು ಮತ್ತೆ ಇಳಿಸಿಕೊಟ್ಟು ಹೋದರು. ಮಾವ ಓದಿ ಎದ್ದರು. ನಾನು ಕೂತೆ. ನೀನು ಯಾರು ಎಂದು ಕೇಳಿತು. ಹೇಳಿದೆ. ಮತ್ತೆ ಕೇಳಿತು.

ಸಂಜೆ ಇವರು ಬಂದು ಕೇಳಿದ ಮೊದಲ ಪ್ರಶ್ನೆ, ಇವತ್ತು ಹೊಸದಾಗಿ ಏನು ಹಾಕಿದಿರಿ ಎಂಬುದು. ಹಾಕಿದ್ದು ಒಂದೇ, ಫಾಂಟು. ತರ್ಕ ಸರಿಯಾಗಿಯೇ ಇತ್ತು, ನಾನೇ ಪಾಠ ಮಾಡಿದ್ದ ತರ್ಕ. "ಈ ಕನ್ನಡ ಫಾಂಟಿನ ಜೊತೆ ಏನೋ ಕೆಟ್ಟದ್ದು ಬಂದಿದೆ" ಎಂದು ತೀರ್ಪು ಕೊಟ್ಟು ಅದನ್ನು ಕಿತ್ತುಹಾಕಿದರು. ಆದರೂ ಮೇಲ್ ತೆರೆಯಲಿಲ್ಲ. "ಒಳಗೆ ಇಳಿದುಬಿಟ್ಟಿದೆ. ಶನಿವಾರ ಎಲ್ಲ ಅಳಿಸಿ ಮತ್ತೆ ಕಟ್ತೀನಿ. ಅಪ್ಪಾ, ಇನ್ನ ಮ್ಯಾಲೆ ಪೇಪರ್ ಬ್ಯಾಡ" ಎಂದರು.

ಮಾವ ಎದ್ದು ಬಾಲ್ಕನಿಗೆ ಹೋದರು. ಅವರ ಪರವಾಗಿ ನಾನು ಜಗಳ ಕಾದೆ. ಲೋಕದಲ್ಲಿ ಇರುವ ಇಷ್ಟೆಲ್ಲ ಕಸದಲ್ಲಿ ಇವರಿಗೆ ಕೆಟ್ಟದ್ದಾಗಿ ಕಂಡದ್ದು ಕನ್ನಡದ ನಾಲ್ಕು ಅಕ್ಷರವೇ ಎಂದು ಕೇಳಿದೆ. ಸೀಟು ಹೋದರೆ ಸಾಯುವವರೆಗೂ ಎತ್ತಿ ಆಡುತ್ತೇನೆ ಎಂದೂ ಹೇಳಿದೆ. ಇವರು ಅನ್ನಕ್ಕೆ ಮೊಸರು ಕಲಸಿಕೊಂಡು ಟೀವಿ ನೋಡುತ್ತ ತಿಂದರು.

ಶುಕ್ರವಾರ ಬೆಳಿಗ್ಗೆ ಇವರು ಹೋದ ಮೇಲೆ ಕಾಫಿ ತೆಗೆದುಕೊಂಡು ಹೋದರೆ, ಮಾವ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಪೇಪರಿಲ್ಲ, ಏನಿಲ್ಲ, ಬರೀ ನೀಲಿ ಪರದೆ. ಅಭ್ಯಾಸಬಲದಿಂದ ಕೂತಿದ್ದಾರೆ ಪಾಪ ಎಂದುಕೊಂಡೆ. ಅಷ್ಟರಲ್ಲಿ ಅವರು ಎಡಗೈಯ ವಾಚನ್ನು ಪರದೆಯ ಪಕ್ಕಕ್ಕೆ ಹಿಡಿದು, ಬಲಗೈಯಿಂದ ಕೆಳಮೂಲೆಯ ಗಡಿಯಾರದ ಮೇಲೆ ಎರಡು ಸಲ ಟಕಟಕ ಒತ್ತಿದರು. ಒಂದು ಚೌಕ ತೆರೆಯಿತು. ತಪ್ಪಿದ್ದನ್ನು ತಿದ್ದಿ, ವಾಚಿನ ಸೆಕೆಂಡಿನ ಮುಳ್ಳು ಮೇಲಕ್ಕೆ ಬರುವವರೆಗೆ ಕಾದು, ಓಕೆ ಒತ್ತಿದರು. ಆಮೇಲೆ ತಲೆದೂಗಿದರು, ಗಾಡಿ ಬಿಟ್ಟವರ ಹಾಗೆ.

"ಏನು ಮಾಡ್ತಿದೀರಿ ಮಾವ?"

"ಅರ್ಧ ನಿಮಿಷ ಹಿಂದ ಬಿದ್ದಿತ್ತವಾ. ದಿನಾ ನೋಡಕೋಬೇಕು. ಮನಿ ಗಡಿಯಾರಾ ನಿಮ್ಮವು, ಅವನ್ನ ಮುಟ್ಟಂಗಿಲ್ಲ. ಇದರಾಗ ಪೇಪರ್ ನಮ್ಮದು ಬರತೈತಿ, ಟೈಮೂ ನಮ್ಮದ ಇರಬೇಕಲ್ಲ."

ನೀವು ಆಗಲೇ ಊಹಿಸಿರಬಹುದು, ಮಾವ ದಿನಾ ಆ ಯಂತ್ರಕ್ಕೆ ಭಾರತದ ಟೈಮು ಇಡುತ್ತಿದ್ದರು. ನಮಗೆ ಯಾಕೆ ಹೊಳೆಯಲಿಲ್ಲ ಎಂದರೆ, ಭಾರತಕ್ಕೂ ಇಲ್ಲಿಗೂ ಇರುವ ಅಂತರ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ. ಬೆಳಿಗ್ಗೆ ಎಂಟು ಎಂದರೆ ಅಲ್ಲಿ ರಾತ್ರಿ ಎಂಟೂವರೆ. ಪರದೆಯ ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಅರ್ಧ ಗಂಟೆ ಹೆಚ್ಚುಕಡಿಮೆ ಕಂಡರೆ ಯಾರು ಗಮನಿಸುತ್ತಾರೆ?

ಇದರಿಂದಲೇ ಕೆಟ್ಟಿದೆ ಎಂದು ಆ ಕ್ಷಣಕ್ಕೆ ನನಗೆ ಅನಿಸಿದ್ದಲ್ಲ. ಬುಧವಾರ ಬದಲಾಗಿ ಗುರುವಾರ ಮತ್ತೆ ಬದಲಾದದ್ದು ಇದೂ ಒಂದು ಎನಿಸಿತು, ಅಷ್ಟೇ. ಮಾವ ಎದ್ದು ಹೋದ ಮೇಲೆ ಕೂತೆ. ಮೊದಲು ಅವರ ಟೈಮಿನಲ್ಲೇ ಪಾಸ್‌ವರ್ಡ್ ಹಾಕಿದೆ. ಬಿಡಲಿಲ್ಲ. ಗೋಡೆ ಗಡಿಯಾರ ನೋಡಿ ಇಲ್ಲಿಯ ಟೈಮು ಇಟ್ಟು ಹಾಕಿದೆ. ತೆರೆಯಿತು. ಮತ್ತೆ ಭಾರತದ ಟೈಮು ಇಟ್ಟೆ, ಹೊರಗೆ ಹಾಕಿತು. ಮತ್ತೆ ಇಲ್ಲಿಯದು, ಒಳಗೆ. ಬೇರೆ ಏನನ್ನೂ ಮುಟ್ಟಲಿಲ್ಲ. ಎಷ್ಟೋ ಕಾಲದ ಮೇಲೆ ನನ್ನ ಕೈ ನನ್ನದೇ ಕೆಲಸ ಮಾಡಿತು ಅನಿಸಿ ಖುಷಿಯಾಯಿತು. ಆ ಖುಷಿಯಲ್ಲಿ ಮೇಲ್ ಓದುವುದನ್ನೇ ಮರೆತಿದ್ದೆ.

ಓದಿದರೆ, ಕಾಲೇಜಿನದು ಬಂದಿತ್ತು. ಒಂದು ಸೀಟು ತೆರವಾಗಿದೆ, ಶುಕ್ರವಾರ ಸಂಜೆ ಐದರೊಳಗೆ ಉತ್ತರಿಸಿ.

ಇವತ್ತು ಶುಕ್ರವಾರವೇ? ನಾನೇ ತಿರುಗಿಸಿ ತಿರುಗಿಸಿ ಇಟ್ಟಿದ್ದ ಆ ಗಡಿಯಾರವನ್ನು ನಂಬುವ ಧೈರ್ಯ ಬರಲಿಲ್ಲ. "ಮಾವಾ, ಇವತ್ತು ಯಾವ ವಾರ?" ಎಂದು ಕೂಗಿದೆ.

ಬಾಲ್ಕನಿಯಿಂದ ಉತ್ತರ ಬಂತು. "ಎಲ್ಲಿದು? ಅಲ್ಲಿದೂ ಶುಕ್ರವಾರ, ಇಲ್ಲಿದೂ ಶುಕ್ರವಾರ."

ಬೇಕು ಎಂದು ಬರೆದು, ಸ್ಪೆಲ್ಲಿಂಗ್ ಎರಡು ಸಲ ತಿದ್ದಿ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಸೀಟು ನಿಮ್ಮದು ಎಂದು ಉತ್ತರ ಬಂತು.

ಗಂಡನ ಆಫೀಸಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಓ" ಎಂದರು. ನಾವು ಒಳಗೆ ಹೋದಾಗ ತಾಣ ನಮಗೊಂದು ಗುರುತು ಕೊಡುತ್ತದಂತೆ, ಕುಕಿ ಎನ್ನುತ್ತಾರಂತೆ, ಅದರ ಮೇಲೆ ಇಂಥ ಹೊತ್ತಿನವರೆಗೆ ಮಾತ್ರ ಎಂದು ಬರೆದಿರುತ್ತದಂತೆ. ನಮ್ಮ ಯಂತ್ರ ತನ್ನ ಗಡಿಯಾರ ನೋಡಿ, ಆ ಹೊತ್ತು ಆಗಲೇ ದಾಟಿಹೋಯಿತು ಎಂದು ಗುರುತನ್ನು ಬಿಸಾಡುತ್ತಿತ್ತು. ಬುಧವಾರ ಮೊದಲಿನಿಂದ ಕಟ್ಟುವಾಗ ಅದು ಟೈಮು ಕೇಳಿತ್ತು, ಇವರು ಇಲ್ಲಿಯದು ಕೊಟ್ಟಿದ್ದರು. ಸರಿಯಾದದ್ದು ಅಷ್ಟಕ್ಕೇ. "ಸಿಂಪಲ್" ಎಂದರು. ಎಲ್ಲ ಮುಗಿದ ಮೇಲೆ ಈ ಮಾತು ಹೇಳುವುದರಲ್ಲಿ ಇವರನ್ನು ಮೀರಿಸುವವರಿಲ್ಲ.

ಮಾವನಿಗೆ ಹೇಳುವುದು ಹೇಗೆ ಎಂಬುದೇ ನನಗೆ ಕಷ್ಟವಾಯಿತು. ಊಟ ಬಡಿಸುತ್ತ ಅವರ ಭಾಷೆಯಲ್ಲೇ ಹೇಳಿದೆ. ಎರಡು ತಾಸಿಗೆ ಪ್ಲಾಟ್‌ಫಾರ್ಮ್ ಟಿಕೆಟ್ ಕೊಟ್ಟಿದ್ದಾರೆ, ಆದರೆ ಗೇಟಿನಲ್ಲಿ ನಿಂತವನ ಗಡಿಯಾರ ಹನ್ನೆರಡು ತಾಸು ಮುಂದಿದೆ ಅಂದುಕೊಳ್ಳಿ ಎಂದೆ. ಅವರು ತಕ್ಷಣ ತುತ್ತು ನಿಲ್ಲಿಸಿದರು.

"ಒಳಗ ಬಿಡೂದಿಲ್ಲ ಅಂವ. ಟಿಕೆಟ್ ಖರೇ ಇದ್ರೂ ಬಿಡೂದಿಲ್ಲ." ತುತ್ತನ್ನು ತಟ್ಟೆಗೆ ಇಟ್ಟು ಕೇಳಿದರು. "ಅಂದ್ರ ನನ್ನಿಂದ ನಿನ್ನ ಸೀಟು ಹೋಗತಿತ್ತೇನು?"

"ಹೋಗಲಿಲ್ಲವಲ್ಲ ಮಾವ."

"ಹೋಗತಿತ್ತು" ಎಂದರು. "ಸರ್ವೀಸಿನ್ಯಾಗ ನನ್ನ ಗಡಿಯಾರ ನಂಬಿ ಒಬ್ಬರೂ ಗಾಡಿ ತಪ್ಪಿಸಿಕೊಂಡಿಲ್ಲವಾ."

ಆಮೇಲೆ ಅವರು ಆ ಯಂತ್ರದ ಹತ್ತಿರ ಸುಳಿಯಲಿಲ್ಲ. ಫಾಂಟು ವಾಪಸು ಬಂತು, ಪೇಪರು ತೆರೆದಿಟ್ಟು ಕರೆದರೂ "ಆಮ್ಯಾಲೆ ನೋಡತೇನಿ" ಎನ್ನುತ್ತಿದ್ದರು. ನನಗೆ ಬೇಜಾರಾಯಿತು. ಸೀಟು ಸಿಕ್ಕವಳು ನಾನು, ಮಂಕಾಗಿ ಕೂತವರು ಅವರು. ಒಂದು ಮಧ್ಯಾಹ್ನ ಆ ಗಡಿಯಾರದ ಚೌಕವನ್ನು ಸುಮ್ಮನೆ ತೆರೆದು ನೋಡುತ್ತಿದ್ದಾಗ ಅದರ ಹಿಂದೆ ಇನ್ನೊಂದು ಪುಟವಿದೆ ಎಂದು ಗೊತ್ತಾಯಿತು. ಅಲ್ಲಿ ಟೈಮಲ್ಲ, ಊರು ಹೇಳಬೇಕು. ಊರು ಭಾರತದ್ದೆಂದು ಹೇಳಿಬಿಟ್ಟರೆ, ಯಂತ್ರ ಭಾರತದ ಟೈಮನ್ನೇ ತೋರಿಸುತ್ತದೆ, ಒಳಗಿನ ಲೆಕ್ಕವೂ ತಪ್ಪುವುದಿಲ್ಲ. ಹಾಗೆ ಮಾಡಿ ಮೇಲ್ ತೆರೆದೆ. ತೆರೆಯಿತು.

ಮಾವನನ್ನು ಕೈ ಹಿಡಿದೇ ಕರೆತಂದೆ. ಅವರು ವಾಚು ಹಿಡಿದು ನೋಡಿದರು. ಟೈಮು ಅವರದೇ. ಮೇಲ್ ನನ್ನದು, ಅದೂ ತೆರೆದಿತ್ತು. ಊರಿನ ಸಾಲನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. "ಬಾಂಬೆ, ಕಲ್ಕತ್ತಾ, ಮದ್ರಾಸ್, ನ್ಯೂ ಡೆಲ್ಲಿ. ಹುಬ್ಬಳ್ಳಿ ಬರದಿಲ್ಲ."

"ದೊಡ್ಡ ಜಂಕ್ಷನ್ ಮಾತ್ರ ಬರೆದಿದಾರೆ ಮಾವ."

"ಹುಬ್ಬಳ್ಳಿ ಸಣ್ಣದೇನವಾ?" ಎಂದು ಕುರ್ಚಿ ಎಳೆದುಕೊಂಡು ಪೇಪರು ತೆರೆದರು.

ಇವರಿಗೆ ಅದು ಸರಿಬರಲಿಲ್ಲ. ಅಮೆರಿಕದಲ್ಲಿ ಕೂತು ಮದ್ರಾಸಿನ ಟೈಮಿನ ಯಂತ್ರವೇ ಎಂದರು. ಯಂತ್ರ ನನ್ನದು ಎಂದೆ. ಆ ಲ್ಯಾಪ್‌ಟಾಪು ಕೆಟ್ಟುಹೋಗುವವರೆಗೂ ಹಾಗೇ ಇತ್ತು. ಕ್ಲಾಸಿನ ವರದಿಗಳನ್ನೆಲ್ಲ ನಾನು ಮನಸ್ಸಿನಲ್ಲೇ ಎರಡೂ ದೇಶದ ನಡುವಿನ ಗಂಟೆಗಳನ್ನು ಕಳೆದುಕೊಂಡು ಬರೆದು ಮುಗಿಸಿದೆ.

ಕ್ಲಾಸು ವಾರಕ್ಕೆ ಎರಡು ಸಂಜೆ, ಎಂಟಕ್ಕೆ ಮುಗಿಯುತ್ತಿತ್ತು. ನಾನು ಬರುವವರೆಗೆ ಮಾವ ಸೋಫಾದಲ್ಲಿ ಕೂತಿರುತ್ತಿದ್ದರು. ಬಾಗಿಲು ತೆಗೆದ ತಕ್ಷಣ ವಾಚು ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, "ರೈಟ್ ಟೈಮ್" ಎನ್ನುತ್ತಿದ್ದರು. ಅಕ್ಟೋಬರ್ ಮೊದಲ ವಾರ ಅವರು ಊರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಇವರು ಸೂಟ್‌ಕೇಸು ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಮಾವ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಕೈಗಡಿಯಾರ ಬಿಚ್ಚಿದರು. ಕೀಲಿಯನ್ನು ಉಗುರಿನಿಂದ ಎಳೆದರು.

"ಈಗ ಇಲ್ಲಿ ಎಷ್ಟಾತು, ಬರೋಬ್ಬರಿ ಹೇಳು."

ಹೇಳಿದೆ. ಮುಳ್ಳು ತಿರುಗಿಸಿ, ಸೆಕೆಂಡು ಕೂಡಿಸಿ, ಕೀಲಿ ಒತ್ತಿದರು. ಆರು ತಿಂಗಳು ಇಲ್ಲಿದ್ದಾಗ ಮುಟ್ಟದವರು ಊರಿಗೆ ಹೊರಟು ನಿಂತಾಗ ಕ್ಯಾಲಿಫೋರ್ನಿಯಾದ ಟೈಮು ಇಟ್ಟುಕೊಂಡರು. ಅಲ್ಲಿ ಹೋದ ಮೇಲೆ ತೊಂದರೆಯಾಗುತ್ತದಲ್ಲ ಮಾವ ಎಂದೆ.

"ಅಲ್ಲಿ ಟೈಮ್ ಹೇಳಾಕ ಊರ ತುಂಬ ಗಡಿಯಾರ ಅದಾವು. ನಿನ್ನ ಕ್ಲಾಸಿನ ಟೈಮ್ ನನಗ ಯಾರು ಹೇಳತಾರ?" ಎಂದು ವಾಚು ಕಟ್ಟಿಕೊಂಡರು.

ಆಮೇಲೆ ಪ್ರತಿ ಕ್ಲಾಸಿನ ದಿನ ನಾನು ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಮಾವನ ಫೋನು ಬರುತ್ತಿತ್ತು. ಎರಡೇ ಮಾತು. ಬಂದೆಯಾ, ಉಂಡೆಯಾ.

ಅಕ್ಟೋಬರ್ ಕೊನೆಗೆ ಇಲ್ಲಿ ಪ್ರತಿ ವರ್ಷದಂತೆ, ಬೇಸಿಗೆಗೆಂದು ಮುಂದಿಟ್ಟಿದ್ದ ಎಲ್ಲರ ಗಡಿಯಾರವೂ ಒಂದು ಗಂಟೆ ಹಿಂದಕ್ಕೆ ಹೋಯಿತು. ಅದನ್ನು ಮಾವನಿಗೆ ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಆ ವಾರ ಕ್ಲಾಸು ಮುಗಿಸಿ ಬಂದಾಗ ಫೋನು ಸುಮ್ಮನಿತ್ತು, ಆನ್ಸರಿಂಗ್ ಮಷೀನಿನ ಕೆಂಪು ದೀಪ ಮಿಣುಕುತ್ತಿತ್ತು. ಒತ್ತಿದೆ. ನಾನಿನ್ನೂ ಕ್ಲಾಸಿನಲ್ಲಿದ್ದಾಗಲೇ, ಮಷೀನಿಗೆ ಕೇಳಿಸುವುದಿಲ್ಲವೇನೋ ಎಂಬಂತೆ ಮಾವ ಜೋರಾಗಿ ಮಾತಾಡಿದ್ದರು.

"ಎಂಟೂವರಿ ಆತವಾ. ನನ್ನ ವಾಚ್ ತಪ್ಪಿಲ್ಲ, ರೇಡಿಯೋಕ್ಕ ಕೂಡಿಸಿ ನೋಡೇನಿ. ಗಾಡಿ ಲೇಟ್ ಐತಿ ಕಾಣತೈತಿ. ಇರಲಿ, ಗಡಿಬಿಡಿ ಮಾಡಬ್ಯಾಡ. ನಾ ಇಲ್ಲೇ ಕುಂತೇನಿ. ಸಿಗ್ನಲ್ ಕೊಟ್ಟೇನಿ, ನೀ ಬಾ."